ಎದುರಿನ ಅಲಗು

ಲೆಕ್ಕ ಗಂಟೆಗಳದ್ದಲ್ಲ.
ಏರಿದ್ದು ಇಳಿದದ್ದು ಸೇರಿ ಒಂದು.
ದುಬೈಗೆ ಹೋದರೂ ಒಂದೇ,
ಗೋವಾದಲ್ಲಿ ಹೋಗಿ ಕೂತರೂ ಒಂದೇ.
ಲೋಹಕ್ಕೆ ದೂರ ಗೊತ್ತಿಲ್ಲ,
ಎಷ್ಟು ಸಲ ಮೈ ಬಿಗಿದೆ, ಎಷ್ಟು ಸಲ ಸಡಿಲಿಸಿದೆ
ಅಷ್ಟೇ ಅದರ ನೆನಪು.

ಮೊದಲು ಮೂರು ಸಾವಿರಕ್ಕೊಮ್ಮೆ ನೋಡಿ ಅಂದಿದ್ದರು.
ಆಮೇಲೆ ಯಾವುದೋ ಊರಿನ ಮೇಲೆ
ಒಂದು ಅಲಗು ಮುರಿಯಿತು.
ಈಗ ಸಾವಿರದ ಆರುನೂರು.
ಹಳೆಯ ಅಂಕಿಗೂ ಹೊಸ ಅಂಕಿಗೂ ನಡುವೆ
ಯಾರೋ ಕಿಟಕಿ ಪಕ್ಕ ಕೂತಿರುತ್ತಾರೆ.

ಕಲೀನಾದ ಹ್ಯಾಂಗರು, ರಾತ್ರಿ ಎರಡು.
ಗೋಡೆಯಾಚೆಯಿಂದ ಮಿಠಿ ನದಿಯ ನಾತ.
ಎಂಜಿನಿನ ಬಾಯಿಂದ ಇಪ್ಪತ್ತನಾಲ್ಕು ಅಲಗು ಬಿಚ್ಚಿ
ಕಂಬಳಿಯ ಮೇಲೆ ಸಾಲಾಗಿ ಮಲಗಿಸಿ
ದತ್ತಾರಾಮ ಮಾಂಜ್ರೇಕರ ನಂಬರು ಬರೆಯುತ್ತಾನೆ,
ಒಪ್ಪಿಗೆ ಪಡೆದ ಶಾಯಿಯಲ್ಲಿ ಮಾತ್ರ.
ಪೆನ್ಸಿಲ್ ತಾಗಿಸುವಂತಿಲ್ಲ.
ಒಂದು ಗೀಟಿನ ಕಪ್ಪು ಕೂಡ ಬಿಸಿಗೆ ಒಳಗಿಳಿದು
ಎಂದೋ ಒಂದು ದಿನ ಕಚ್ಚುತ್ತದಂತೆ.

ಬಿರುಕು ಹುಟ್ಟುವುದು ಬುಡದಲ್ಲಿ,
ಬಡಗಿ ಕೂಡಿಸಿದ ಕಚ್ಚಿನ ಹಾಗೆ
ಅಲಗು ಚಕ್ರದೊಳಗೆ ಅಡಗಿ ಕೂರುವಲ್ಲಿ,
ಗಾಳಿ ಕಾಣದ ಕಡೆ.
ಅಲ್ಲಿ ಜೆಲ್ ಸವರುತ್ತೇನೆ.
ಸಯನ್ ಆಸ್ಪತ್ರೆಯಲ್ಲಿ ನನ್ನ ಹೊಟ್ಟೆಗೆ ಸವರಿದ್ದೂ
ಇಂಥದೇ ತಣ್ಣನೆಯದು.
ಪ್ರೋಬ್ ಆನಿಸಿದರೆ ಕಿವಿಗೆ ಸಿಗದ ಸದ್ದೊಂದು ಒಳಹೊಕ್ಕು
ಆಚೆ ಗೋಡೆ ಮುಟ್ಟಿ ಮರಳಬೇಕು.
ಬೇಗ ಬಂದರೆ
ದಾರಿಯಲ್ಲಿ ಏನೋ ತಡೆದಿದೆ.

ಧಾರಾವಿಯ ಕುಂಬಾರವಾಡೆಯಲ್ಲಿ ವಾರಿಜ ಅತ್ತೆ
ಮಡಕೆ ಆರಿಸುತ್ತಿದ್ದದ್ದು ಹೀಗೆಯೇ.
ಗೆಣ್ಣಿನಿಂದ ಒಂದು ಕುಟ್ಟು, ತಲೆ ಒಂದಿಷ್ಟು ವಾರೆ.
ಟಣ್ಣೆಂದರೆ ಚೀಲಕ್ಕೆ,
ದಪ್ಪೆಂದರೆ ವಾಪಸು.
ಅವಳಿಗೆ ನಿಯಮದ ಪುಸ್ತಕ ಇರಲಿಲ್ಲ.
ತಪ್ಪಿದರೆ ಒಂದು ಹೊತ್ತಿನ ಮೀನುಸಾರು ಒಲೆಗೆ, ಅಷ್ಟೆ.

ಹನ್ನೊಂದನೆಯದು ಬೇಗ ಬಂತು.

ಪರದೆಯ ಮೇಲೆ ಮುಳ್ಳು, ಇರಬಾರದ ಕಡೆ.
ಒರೆಸಿದೆ. ಮತ್ತೆ ಸವರಿದೆ. ಪ್ರೋಬ್ ಬದಲಿಸಿದೆ.
ಬೇಕೆಂದೇ ಗೀರು ಕೊಯ್ದಿಟ್ಟ ಮಾದರಿ ಅಲಗಿನ ಮೇಲೆ
ಯಂತ್ರವನ್ನೇ ಪರೀಕ್ಷಿಸಿದೆ.
ಯಂತ್ರ ಸುಳ್ಳಾಡುತ್ತಿಲ್ಲ.

ಸ್ಟೋರಿನಲ್ಲಿ ಚಹಾ ಕುಡಿಯುತ್ತಿದ್ದರು ಹೋಶಂಗ್ ಸಾಹೇಬರು.
ಮೂವತ್ತೊಂದು ವರ್ಷ ನಾಲ್ಕನೇ ನಂಬರಿನ ಮೊಹರು ಅವರದ್ದು.
ನೋಡುವವರ ಕಣ್ಣನ್ನೂ ವರ್ಷಕ್ಕೊಮ್ಮೆ ನೋಡಬೇಕು, ಅದೂ ನಿಯಮ.
ಕಳೆದ ಮಂಗಳವಾರ, ಅಂಗೈ ದೂರದ ಹಾಳೆಯಲ್ಲಿ
ಕೊನೆಯ ಸಾಲು ಅವರಿಗೆ ಇರುವೆಗಳಾಗಿ ಹರಿದಾಡಿತು.
ಮೊಹರನ್ನು ಕರವಸ್ತ್ರದಲ್ಲಿ ಒರೆಸಿ
ಮೇಜಿನ ಮೇಲಿಟ್ಟು ಬಂದರಂತೆ.

ಕರೆದೆ. ಕರೆಯಬಾರದಿತ್ತೋ ಏನೋ.
ಬಂದು, ಕನ್ನಡಕ ಹಣೆಗೇರಿಸಿ,
ಪರದೆ ನೋಡಲಿಲ್ಲ, ನನ್ನ ಕೈ ನೋಡಿದರು,
ಮುಳ್ಳು ಎದ್ದಾಗಲೆಲ್ಲ ಅದು ನಿಲ್ಲುವುದನ್ನು.
"ಇದೆ, ದೀಕರೀ. ಇದೆ," ಅಂದರು.
ಚಹಾ ಆರುತ್ತದೆಂದು ಹೋದರು.

ನಾನು ಒತ್ತಿದೆ, ಹದಿನೇಳನೇ ನಂಬರು.

ಆರೂ ಹತ್ತರ ವಿಮಾನ ತಡ.
ಆಚೆ ಕಾಯುವ ಕೋಣೆಯಲ್ಲಿ ತಾಂತ್ರಿಕ ಕಾರಣ ಎಂದಿರುತ್ತಾರೆ,
ಯಾರೋ ಮದುವೆ ತಪ್ಪಿತೆಂದು ಕೂಗಾಡುತ್ತಿರಬಹುದು.
ಕಾರಣ ಇಲ್ಲಿ ಕಂಬಳಿಯ ಮೇಲಿದೆ,
ಅರ್ಧ ಅಕ್ಕಿಕಾಳಿನಷ್ಟು ಉದ್ದ.

ಹನ್ನೊಂದಕ್ಕೆ ಕೆಂಪು ಚೀಟಿ.
ಇನ್ನು ಇಪ್ಪತ್ತಮೂರು, ಚಕ್ರದಲ್ಲಿ ಅದರ ನೇರ ಎದುರಿನದು.
ಅದರಲ್ಲಿ ಏನೂ ಇಲ್ಲ. ನಾನೇ ನೋಡಿದ್ದೆ.
ಸದ್ದು ಹೋಗಿ, ಗೋಡೆ ಮುಟ್ಟಿ,
ಹೇಳಿದ ಹೊತ್ತಿಗೆ ಬಂದಿತ್ತು.
ಆದರೂ ಒಂದೇ ಬದಿಗೆ ಹೊಸದು ಹಾಕಿದರೆ ತೂಕ ತಪ್ಪಿ
ಇಡೀ ಎಂಜಿನು ನಡುಗುತ್ತದೆ.
ಅದನ್ನೂ ತೆಗೆಯಬೇಕು.

ಸೋಮವಾರದಿಂದ ನನಗೆ ಹಗಲು ಪಾಳಿ.
ಪಟ್ಟಿ ಗೋಡೆಗೆ ಅಂಟಿಸಿದ್ದಾರೆ, ನಾನು ಕೇಳಿರಲಿಲ್ಲ.

ಇಪ್ಪತ್ತಮೂರರ ಚೀಟಿ ಹಿಡಿದು ದತ್ತಾರಾಮ ನಿಂತ.
ದೋಷ ಎಂಬಲ್ಲಿ ಇಲ್ಲ ಎಂದು ಬರೆದಿದ್ದಾನೆ.
ತೆಗೆದ ಕಾರಣ ಎಂಬಲ್ಲಿ ಏನು ಬರೀಲಿ?

ಜೋಡಿ ಅಂತ ಬರಿ, ಅಂದೆ.
ಅವನ ಮರಾಠಿಯಲ್ಲೂ ಅದೇ ಮಾತು.